ಕ್ಷ ದ ಮನೆ

ಬೆಟಗೇರಿ ರಸ್ತೆಯ ಪ್ರೆಸ್ಸಿನಲ್ಲಿ ನಾನಾಗ ಮೊಳೆ ಜೋಡಿಸುವವ.
ನೂರಾರು ಮನೆಗಳ ಕೇಸಿನಲ್ಲಿ
ಕ್ಷ ಕ್ಕೆ ಮೂಲೆಯ ಒಂದು ಗೂಡು.
ಇದ್ದದ್ದು ಹನ್ನೊಂದು, ಎರಡರ ಕಾಲು ಮುರಿದಿತ್ತು.
ಲಗ್ನದ ಹಂಗಾಮಿನಲ್ಲಿ ಉಳಿದವೂ
ಅಕ್ಷತಾರೋಪಣದ ಚೌಕಟ್ಟಿನೊಳಗೆ ಬಿಗಿದು ಕೂತಿರುತ್ತಿದ್ದವು.

ಅಂಥದೊಂದು ವೈಶಾಖದಲ್ಲಿ ಅಸುಂಡಿ ವಕೀಲರು
ಹಾಳೆ ಹಿಡಿದು ಬಂದರು:
ಸೈನ್ಯ ಬಿಟ್ಟು ಹೋದವರಿಗೆ ಕ್ಷಮೆ ಕೋರಿ ಮನವಿ.
ಒಂದೇ ಪುಟದಲ್ಲಿ ಕ್ಷಮೆ ಹದಿನಾಲ್ಕು ಸಲ.
"ಮಾಫಿ ಅಂತ ಜೋಡಸಲೇನ್ರಿ?"
"ಮಾಫಿ ಕಂದಾಯಕ್ಕ" ಅಂದರು. "ಇದು ಮನಷ್ಯಾಂದು."

ಬಿಟ್ಟು ಹೋದವರೆಂದರೆ ನಮ್ಮ ಓಣಿಗೆ ಒಬ್ಬನೇ, ಗ್ಯಾನಪ್ಪ.
ನೂಲು ಸಿಗದ ವರ್ಷ ಮಗ್ಗದ ಕುಣಿಯಿಂದ ಎದ್ದು
ಬೆಳಗಾವಿಗೆ ಹೋಗಿ ಕಾಲಿಗೆ ಪಟ್ಟಿ ಸುತ್ತಿಕೊಂಡವ.
ಬರ್ಮಾಕ್ಕೆ ಕಳಿಸುವ ಮೊದಲು
ಎಂಟು ದಿನ ರಜೆ ಕೊಟ್ಟಿದ್ದರು.
ತಿರುಗಿ ಹೋಗುವಾಗ ಲೋಂಡಾದಲ್ಲಿ
ಇಳಿಯಬಾರದಿತ್ತು, ಇಳಿದ.
ಇನ್ನೊಂದು ಗಾಡಿ ಹಿಡಿದು ಕ್ಯಾಸಲ್‌ರಾಕ್,
ಅಲ್ಲಿಂದ ರಾತ್ರಿ ಹಳಿಗುಂಟ, ಒಂದೊಂದೇ ಸುರಂಗ ಎಣಿಸುತ್ತ
ಪೋರ್ಚುಗೀಸರ ಸೀಮೆ.

ಎಳೆ ಕೂಡಿಸುತ್ತಿದ್ದ ಬೆರಳು ಮಡಗಾಂವದಲ್ಲಿ
ಪಾವಿನ ಹಿಟ್ಟು ನಾದಿದವು.
ರೈಲಿನ ಖಲಾಸಿಯ ಕೈಯಲ್ಲಿ ಒಮ್ಮೆ
ತಾಯಿಗೆ ನಾಲ್ಕು ಪಾವು ಕಳಿಸಿದ್ದ.
ಗದಗ ಮುಟ್ಟುವಷ್ಟರಲ್ಲಿ ಲಾಳಿಯಷ್ಟು ಗಟ್ಟಿ.
ಆಕೆ ತಿನ್ನಲಿಲ್ಲ, ಚೆಲ್ಲಲಿಲ್ಲ,
ನಿಂತ ಮಗ್ಗದ ಮೇಲೆ ಸಾಲಾಗಿ ಇಟ್ಟಳು.

ಸಹಿಗೆ ಹೊರಟಾಗ ಮಾತು ಎದ್ದಿತು.
"ಉಪ್ಪು ಹಾಕಿದವ್ರ ಹಡಗ ಹತ್ತಿ ಹ್ವಾದ್ರು,
ಉಂಡಾಂವನ್ನ ಹಿಡದ ಲೆಕ್ಕಾ ಕೇಳತೀರೇನು?"
"ಬಾವುಟ ಬ್ಯಾರೆ ಆತು, ರಜಿಸ್ಟರ್ ಅದ ಐತಿ."
"ಇವಂಗ ಬಿಟ್ರ ನಾಳೆ ಕಾಶ್ಮೀರದಾಗ ಯಾಂವ ನಿಲ್ತಾನ?"
ಕಿರಾಣಿ ಅಂಗಡಿಯ ಚನ್ನವೀರಪ್ಪ ಇದನ್ನು
ತಕ್ಕಡಿಯಿಂದ ಕಣ್ಣೆತ್ತದೇ ಕೇಳಿದ.

ಹುಸೇನಬಿಯ ಮನೆಗೆ ನಾನೂ ಹೋಗಿದ್ದೆ, ಮಸಿಯ ಡಬ್ಬಿ ಹಿಡಿದು.
ಅವಳ ಮೌಲಾಸಾಬನಿಗೂ ಅದೇ ರಜೆ, ಅದೇ ಗಾಡಿ, ಅದೇ ಬಾಕು.
ಲೋಂಡಾದಲ್ಲಿ ಇಳಿಯಲಿಲ್ಲ.
ಮುದುಕಿ ಮನವಿಯನ್ನು ಪೂರ್ತಿ ಓದಿಸಿ ಕೇಳಿದಳು.
"ಇಳೀವಾಗ ನನ್ನ ಮಗನ್ನ ಕರದಿದ್ನಂತ, ಖರೇ ಏನು?"
ಯಾರಿಗೂ ಗೊತ್ತಿರಲಿಲ್ಲ.
"ಅಂವಗ ಓಡಿದ್ದಕ್ಕ ಕ್ಷಮಾ ಕೇಳತೀರಿ.
ನನ್ನ ಮಗಗ, ಓಡಲಿಲ್ಲಲ್ಲ, ಅದಕ್ಕ
ಯಾರ ಕಡೆ ಕೇಳೂದು?"
ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡಳು,
ಕಾಗದದ ಮೇಲೆ ಅದು ತುಸು ಹೊತ್ತು ತೂಗಿತು,
ಆಮೇಲೆ ಸೆರಗಿಗೆ ಒರೆಸಿಕೊಂಡಳು.

ಮುನ್ನೂರಾ ಹದಿನೇಳು ಸಹಿ. ದಿಲ್ಲಿಗೆ ಒಂದು, ಮುಂಬೈಗೆ ಒಂದು.
ಉತ್ತರ ಬಂದದ್ದು ಮಡಗಾಂವದಿಂದ ಮಾತ್ರ:
"ನಾ ಕ್ಷಮಾ ಬೇಡಿಲ್ಲ. ಬೇಡಬೇಕಾದ್ರ
ಮದಲ ನಿಮಗ ನನ್ನ ಅಂಜಿಕಿ ಅರ್ಥ ಆಗಬೇಕು.
ಅವ್ವನ ಮಣ್ಣಿಗೆ ಬರಾಕ ಒಂದ ದಿನ ರಜಾ ಕೊಡಸ್ರಿ, ಸಾಕು."
ಅವ್ವನ ಮಣ್ಣಾಗಿ ಆಗಲೇ ಇಪ್ಪತ್ತು ದಿನ.

ಆಮೇಲೆ ಅರವತ್ತೊಂದರ ಡಿಸೆಂಬರ್.
ಇವನು ಬಿಟ್ಟು ಬಂದ ಪಲ್ಟನ್ನೋ, ಬೇರೆಯದೋ,
ಬೂಟಿನ ಸಪ್ಪಳ ಇವನ ಭಟ್ಟಿಯ ಬಾಗಿಲಿಗೇ ಬಂತು.
ಮೊಣಕೈತನಕ ಹಿಟ್ಟು ಮೆತ್ತಿಕೊಂಡು ನಿಂತಿದ್ದನಂತೆ.
ಒಬ್ಬ ಹುಡುಗ ಸಿಪಾಯಿ ಒಳಗೆ ಇಣುಕಿ
ಪಾವು ಎಷ್ಟಕ್ಕೆಂದು ಕೇಳಿದನಂತೆ.

ಗಡಿಯಿಲ್ಲದ ಗಾಡಿಯಲ್ಲಿ ಗ್ಯಾನಪ್ಪ ಗದಗಕ್ಕೆ ಬಂದಿಳಿದ.
ಟಿಕೆಟ್ಟಿನ ಹೊರತು ಯಾರೂ ಏನೂ ಕೇಳಲಿಲ್ಲ.
ಸ್ವಂತ ಓಣಿ ದಾಟಿ ಹುಸೇನಬಿಯ ಮನೆಗೆ ಹೋದ.
ಒಳಗಿನ ಮಾತು ನನಗೆ ಗೊತ್ತಿಲ್ಲ.
ಹೊರಗೆ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದಿದ್ದ,
ಹಾಗೇ ಸ್ಟೇಷನ್ನಿನತ್ತ ನಡೆದ.

ಮನವಿಯ ಅಚ್ಚನ್ನು ನಾನು ಎಂದೋ ಬಿಚ್ಚಿಹಾಕಿದ್ದೆ.
ಒಂಬತ್ತು ಕ್ಷ ಸಾಲದೆ, ಉಳಿದೈದು ಕಡೆ
ವಕೀಲರಿಗೆ ಗೊತ್ತಾಗದಂತೆ
ಮಾಫಿ ಎಂದೇ ಜೋಡಿಸಿದ್ದೆ.